ಬೆನ್ನಿಗೆ ಚೀಲ, ಕೈಯಲ್ಲಿ ಬಕೆಟ್

ಕೇಳುಗರೆಲ್ಲರಿಗೂ ನಮಸ್ಕಾರ.

ಬೆನ್ನಿಗೊಂದು ಚೀಲ ಏರಿಸಿಕೊಂಡು ದೇಶ ಸುತ್ತುವವರು ಇಳಿದುಕೊಳ್ಳುವ ಹಾಸ್ಟೆಲ್‌ಗಳಿವೆಯಲ್ಲ, ಕಡಲ ತೀರದ ಊರುಗಳಲ್ಲಿ ಅವುಗಳ ಗೋಡೆ ನೋಡಬೇಕು. ದೋಣಿ ವಿಹಾರ, ಡೈವಿಂಗ್ ತರಗತಿ, ಹಳೇ ಸೈಕಲ್ ಮಾರಾಟ, ಇವುಗಳ ಮಧ್ಯೆ ಒಂದು ಬಣ್ಣದ ಚೀಟಿ ಅಂಟಿಸಿರುತ್ತಾರೆ. ‘ಆಮೆ ಮರಿಗಳನ್ನು ನಿಮ್ಮ ಕೈಯಾರೆ ಕಡಲಿಗೆ ಬಿಡಿ. ಡಾಲ್ಫಿನ್ ಜೊತೆ ಈಜಿ. ಒಂದು ವಾರದ ಸೇವೆಗೆ ಇಷ್ಟು ಡಾಲರ್.’ ಚಿತ್ರದಲ್ಲಿ ನಗುತ್ತಿರುವ ಒಬ್ಬ ಹುಡುಗಿ, ಅವಳ ಅಂಗೈ ಮೇಲೆ ಪುಟ್ಟ ಆಮೆ.

ಇವತ್ತಿನ ಮಾತು ಆ ಚೀಟಿಯ ಬಗ್ಗೆ. ಕಡಿಮೆ ಖರ್ಚಿನಲ್ಲಿ ವಿದೇಶ ಸುತ್ತುತ್ತಾ ಕಡಲ ಪ್ರಾಣಿಗಳಿಗೆ ಏನಾದರೂ ಮಾಡಬೇಕು ಅನ್ನುವ ಆಸೆ ಒಳ್ಳೆಯದೇ. ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಅನ್ನುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಪ್ರಾಣಿಯನ್ನು ಮುಟ್ಟಿಸುತ್ತೇವೆ, ಅಪ್ಪಿಕೊಳ್ಳೋಕೆ ಬಿಡುತ್ತೇವೆ ಅಂತ ಯಾರು ಮೊದಲೇ ಮಾತು ಕೊಡುತ್ತಾರೋ, ಆ ಕಡೆ ತಲೆ ಹಾಕಬೇಡಿ. ಬಕೆಟ್ ತೊಳೆಯಬೇಕು, ಮೀನು ಕತ್ತರಿಸಬೇಕು, ಹೇಳುವ ತನಕ ದೂರ ನಿಲ್ಲಬೇಕು ಅನ್ನುವವರನ್ನು ನಂಬಿ.

ಯಾಕೆ ಅಂತ ಆ ಆಮೆ ಮರಿಯಿಂದಲೇ ನೋಡೋಣ. ಮೊಟ್ಟೆಯೊಡೆದು ಮರಳಿನಿಂದ ಮೇಲೆ ಬಂದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಸ್ವಲ್ಪ ಉಳಿದಿರುತ್ತದೆ. ಅದರ ಬುತ್ತಿ ಅಷ್ಟೇ. ಆ ಬಲದ ಮೇಲೆ ಸುಮಾರು ಒಂದು ದಿನ ಬಿಡದೆ ಈಜಿ, ದಡದ ಹತ್ತಿರ ಕಾದು ಕೂತ ಮೀನುಗಳನ್ನೂ ಹಕ್ಕಿಗಳನ್ನೂ ದಾಟಿ, ಆಳದ ಕಡಲು ಸೇರಬೇಕು. ಪ್ರವಾಸಿಗಳು ಬರಲಿ ಅಂತ ಮರಿಗಳನ್ನು ಎರಡು ಮೂರು ದಿನ ಟಬ್‌ನಲ್ಲಿ ಇಟ್ಟುಕೊಂಡರೆ ಏನಾಗುತ್ತದೆ? ಆ ಈಜೆಲ್ಲ ಟಬ್‌ನೊಳಗೇ ಮುಗಿದು ಹೋಗುತ್ತದೆ. ಆಮೇಲೆ ಹಾಡಹಗಲಲ್ಲಿ, ಚಪ್ಪಾಳೆಯ ನಡುವೆ, ಸುಸ್ತಾದ ಮರಿಯನ್ನು ನೀರಿಗೆ ಬಿಡುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ. ಮರಿಯ ಕಥೆ ಬೇರೆ.

ಫಿಲಿಪೀನ್ಸ್‌ನ ಸೆಬು ದ್ವೀಪದಲ್ಲಿ ಒಸ್ಲೊಬ್ ಅನ್ನುವ ಊರಿದೆ. ಅಲ್ಲಿ ದೋಣಿಯಿಂದ ಆಹಾರ ಹಾಕಿ ತಿಮಿಂಗಿಲ ಶಾರ್ಕ್ ಅನ್ನುವ ಭಾರೀ ಮೀನುಗಳನ್ನು ದಡದ ಹತ್ತಿರ ಉಳಿಸಿಕೊಳ್ಳುತ್ತಾರೆ. ಸುತ್ತ ಪ್ರವಾಸಿಗಳ ಜಾತ್ರೆ. ದೋಣಿ ಅಂದರೆ ಊಟ ಅಂತ ಕಲಿತ ಮೀನು ಬೇರೆ ಕಡೆ ಹೋದಾಗ ಮೋಟಾರಿನ ರೆಕ್ಕೆಗೂ ಹೆದರುವುದಿಲ್ಲ.

ಸರಿ, ನಿಜವಾದ ಕೆಲಸ ಹೇಗಿರುತ್ತದೆ? ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಹೋಗೋಣ. ಅಲ್ಲಿ ಸ್ಯಾಂಕಾಬ್ ಅಂತ ಒಂದು ಸಂಸ್ಥೆ 1968ರಿಂದ ಕಡಲ ಹಕ್ಕಿಗಳ ಆರೈಕೆ ಮಾಡುತ್ತಿದೆ. ಮುಖ್ಯವಾಗಿ ಆಫ್ರಿಕನ್ ಪೆಂಗ್ವಿನ್‌ಗಳು. 2000ದ ಜೂನ್‌ನಲ್ಲಿ ‘ಟ್ರೆಷರ್’ ಅನ್ನುವ ಅದಿರು ಹಡಗು ರಾಬೆನ್ ದ್ವೀಪ ಮತ್ತು ಡಾಸೆನ್ ದ್ವೀಪಗಳ ನಡುವೆ ಮುಳುಗಿತು. ಎರಡೂ ಪೆಂಗ್ವಿನ್‌ಗಳ ತವರು. ಹಡಗಿನ ಇಂಧನ ತೈಲ ಕಡಲಿಗೆ ಹರಿಯಿತು. ಸುಮಾರು 19,000 ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿಕೊಂಡಿತು.

ಎಣ್ಣೆ ಅಂಟಿದ ಪೆಂಗ್ವಿನ್ ವಿಷದಿಂದ ಮಾತ್ರ ಸಾಯುವುದಲ್ಲ, ಚಳಿಯಿಂದಲೂ ಸಾಯುತ್ತದೆ. ಅದರ ಗರಿಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡಿದ್ದರೆ ತಣ್ಣೀರು ಚರ್ಮ ಮುಟ್ಟುವುದಿಲ್ಲ. ಎಣ್ಣೆ ಬಿದ್ದರೆ ಗರಿಗಳು ಗಂಟು ಕಟ್ಟುತ್ತವೆ, ನೀರು ಒಳಗೆ ಇಳಿಯುತ್ತದೆ. ಕೊಕ್ಕಿನಿಂದ ಗರಿ ಸರಿ ಮಾಡಿಕೊಳ್ಳೋಕೆ ಹೋಗಿ ಎಣ್ಣೆ ನುಂಗುತ್ತದೆ. ಹಾಗಾಗಿ ಒಂದೊಂದನ್ನೂ ಕೈಯಿಂದ ತೊಳೆಯಬೇಕು. ಒಬ್ಬರು ಹಿಡಿಯಬೇಕು, ಒಬ್ಬರು ಉಜ್ಜಬೇಕು. ತಲೆಗೆ, ಕಣ್ಣಿನ ಸುತ್ತಕ್ಕೆ ಹಲ್ಲುಜ್ಜುವ ಬ್ರಷ್. ಸಾವಿರಾರು ಸ್ವಯಂಸೇವಕರು ಬೇರೆ ಬೇರೆ ದೇಶಗಳಿಂದ ಬಂದರು. ರೈಲ್ವೆಯ ಒಂದು ಹಳೇ ಶೆಡ್ ಆಸ್ಪತ್ರೆಯಾಯಿತು.

ಪೆಂಗ್ವಿನ್‌ಗೆ ಊಟ ಹಾಕುವುದು ಅಂದರೆ ಸುಲಭ ಅಂದುಕೊಳ್ಳಬೇಡಿ. ನೀರೊಳಗೆ ಓಡುವ ಮೀನನ್ನು ಮಾತ್ರ ಅದು ಊಟ ಅಂತ ತಿಳಿದಿದೆ. ಕೈಯಲ್ಲಿ ಹಿಡಿದ ಸತ್ತ ಮೀನು ಅದಕ್ಕೆ ಲೆಕ್ಕಕ್ಕಿಲ್ಲ. ಅದನ್ನು ಮೊಣಕಾಲುಗಳ ಮಧ್ಯೆ ಒತ್ತಿ ಹಿಡಿದು, ಕೊಕ್ಕು ಬಿಡಿಸಿ, ಭೂತಾಯಿ ಮೀನನ್ನು ಗಂಟಲಿಗೆ ಇಳಿಸಬೇಕು. ಆ ಕೊಕ್ಕು ಕಚ್ಚಿದರೆ ರಕ್ತ ಬರುತ್ತದೆ. ದಪ್ಪ ಕೈಗವಸು, ರಬ್ಬರ್ ಬಟ್ಟೆ ಹಾಕಿಕೊಂಡೇ ಇಳಿಯಬೇಕು. ದಿನದ ಕೊನೆಗೆ ಮೈಯೆಲ್ಲ ಹಿಕ್ಕೆ.

ಆಗ ಅವರು ಇನ್ನೊಂದು ಜಾಣತನ ಮಾಡಿದರು. ಎಣ್ಣೆ ತಾಗದ ಸುಮಾರು 19,500 ಪೆಂಗ್ವಿನ್‌ಗಳನ್ನು ಹಿಡಿದು, ಲಾರಿಗಳಲ್ಲಿ ಪೋರ್ಟ್ ಎಲಿಜಬೆತ್‌ಗೆ ಸಾಗಿಸಿ, ಅಲ್ಲಿ ಕಡಲಿಗೆ ಬಿಟ್ಟರು. ನೂರಾರು ಕಿಲೋಮೀಟರ್ ದೂರ. ಅವು ಈಜಿಕೊಂಡು ಮನೆಗೆ ಬರುವಷ್ಟರಲ್ಲಿ ಎಣ್ಣೆ ತೆಗೆದು ಮುಗಿಸೋಣ ಅನ್ನುವ ಲೆಕ್ಕ. ಪೀಟರ್, ಪರ್ಸಿ, ಪಮೇಲಾ ಅಂತ ಮೂರು ಪೆಂಗ್ವಿನ್‌ಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಯಂತ್ರ ಅಂಟಿಸಿದ್ದರು. ಕೆಲವೇ ವಾರಗಳಲ್ಲಿ ಅವು ತವರಿಗೆ ಬಂದು ಮುಟ್ಟಿದವು. ತೊಳೆದ ಹಕ್ಕಿಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮತ್ತೆ ಕಡಲಿಗೆ ಹೋದವು. ಇಷ್ಟಾದರೂ ಈ ಹಕ್ಕಿಯ ಕಷ್ಟ ಮುಗಿದಿಲ್ಲ. ತಿನ್ನುವ ಮೀನೇ ಕಡಿಮೆಯಾಗುತ್ತಿದೆ. 2024ರಲ್ಲಿ ಇದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಸ್ಯಾಂಕಾಬ್‌ನಲ್ಲಿ ಇವತ್ತಿಗೂ ಕೆಲಸಕ್ಕೆ ಜನ ಬೇಕು.

ಸೀಲ್ ಮರಿಗಳ ವಿಷಯ ಇನ್ನೂ ಕಷ್ಟದ್ದು, ಯಾಕೆಂದರೆ ಅವು ನೋಡೋಕೆ ಅಷ್ಟು ಮುದ್ದು. ದೊಡ್ಡ ಕಣ್ಣು, ದುಂಡು ಮುಖ, ಅಮ್ಮನನ್ನು ಕಳೆದುಕೊಂಡ ಅಳು. ಎತ್ತಿಕೊಳ್ಳಬೇಕು ಅನಿಸದಿದ್ದರೆ ಆಶ್ಚರ್ಯ. ಆದರೆ ಒಳ್ಳೆಯ ಕೇಂದ್ರಗಳಲ್ಲಿ ಅವನ್ನು ಮುದ್ದು ಮಾಡುವ ಹಾಗಿಲ್ಲ, ಸುಮ್ನೆ ಮಾತಾಡಿಸುವ ಹಾಗೂ ಇಲ್ಲ. ಮನುಷ್ಯರ ದನಿಗೆ ಒಗ್ಗಿಹೋದ ಸೀಲ್ ಬಿಡುಗಡೆಯಾದ ಮೇಲೆ ದೋಣಿಗಳ ಹತ್ತಿರ ಹೋಗುತ್ತದೆ, ದಡದಲ್ಲಿ ನಾಯಿಗಳ ಬಾಯಿಗೆ ಸಿಗುತ್ತದೆ. ನಿಮ್ಮ ಕೆಲಸ ಏನಂದರೆ ಮೀನು ರುಬ್ಬಿ ಗಂಜಿ ಮಾಡುವುದು, ಕೊಳವೆ ತೊಳೆಯುವುದು, ತೊಟ್ಟಿ ಉಜ್ಜುವುದು, ತೂಕ ಬರೆದುಕೊಳ್ಳುವುದು. ಸೀಲ್ ಕಚ್ಚಿದರೆ ಬೆರಳು ಊದಿಕೊಂಡು ಕೀಲಿನವರೆಗೂ ಸೋಂಕು ಹೋಗಬಹುದು. ‘ಸೀಲ್ ಫಿಂಗರ್’ ಅಂತಲೇ ಅದಕ್ಕೆ ಹೆಸರು. ಪೆನಿಸಿಲಿನ್ ಕೆಲಸ ಮಾಡುವುದಿಲ್ಲ, ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಬೇಕು. ಕಚ್ಚಿದ್ದು ಸೀಲ್ ಅಂತ ವೈದ್ಯರಿಗೆ ಹೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು, ಅಲ್ವಾ?

ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ಗುಡ್ಡಗಳಲ್ಲಿ, ಒಂದು ಕಾಲದ ಕ್ಷಿಪಣಿ ನೆಲೆಯ ಜಾಗದಲ್ಲಿ ‘ಮರೀನ್ ಮ್ಯಾಮಲ್ ಸೆಂಟರ್’ ಅನ್ನುವ ಕಡಲ ಸಸ್ತನಿಗಳ ಆರೈಕೆ ಕೇಂದ್ರ 1975ರಲ್ಲಿ ಶುರುವಾಯಿತು. ಅಲ್ಲಿ ಹೆಚ್ಚಿನ ಕೆಲಸ ಮಾಡುವವರು ಸ್ವಯಂಸೇವಕರೇ. ಆದರೆ ಅವರಿಗೆ ವಾರವಾರ ತಪ್ಪದೆ, ತಿಂಗಳುಗಟ್ಟಲೆ ಬರುವವರು ಬೇಕು. ನಾಲ್ಕು ದಿನ ಹಾಸ್ಟೆಲ್‌ನಲ್ಲಿ ಇದ್ದು ಹೋಗುವವರನ್ನು ಪ್ರಾಣಿಗಳ ಹತ್ತಿರ ಬಿಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮನ್ನು ಬೇಡ ಅನ್ನುವ ಜಾಗ ಚೆನ್ನಾಗಿ ನಡೆಯುತ್ತಿದೆ ಅಂತಲೇ ತಿಳಿಯಿರಿ.

ಅಲೆಮಾರಿಗಳಿಗೆ ಹೆಚ್ಚು ಹೊಂದುವ ಕೆಲಸ ಅಂದರೆ ಕಡಲಾಮೆಗಳ ಗಸ್ತು. ಕೋಸ್ಟರಿಕಾದ ಟೋರ್ಟುಗೇರೊ ತೀರದಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಆರ್ಚಿ ಕಾರ್ 1950ರ ದಶಕದಲ್ಲಿ ಹಸಿರು ಕಡಲಾಮೆಗಳಿಗೆ ಗುರುತಿನ ಬಿಲ್ಲೆ ಹಾಕಲು ಶುರು ಮಾಡಿದರು. ಆ ಕೆಲಸ ಇಂದಿಗೂ ನಿಂತಿಲ್ಲ. ರಾತ್ರಿ ಹೊತ್ತು, ಕಪ್ಪು ಬಟ್ಟೆ ಹಾಕಿಕೊಂಡು, ಮೆತ್ತನೆ ಮರಳಿನಲ್ಲಿ ಗಂಟೆಗಟ್ಟಲೆ ನಡೆಯಬೇಕು. ಬಿಳಿ ಟಾರ್ಚ್ ಹಚ್ಚುವ ಹಾಗಿಲ್ಲ, ಬೇಕೇ ಬೇಕಾದರೆ ಕೆಂಪು ದೀಪ. ಕ್ಯಾಮೆರಾ ತೆಗೆಯುವ ಹಾಗಿಲ್ಲ. ಆಮೆ ಮೇಲೆ ಬರುವಾಗ ಸ್ವಲ್ಪ ಗಲಾಟೆಯಾದರೂ ಮೊಟ್ಟೆ ಇಡದೆ ಕಡಲಿಗೆ ತಿರುಗಿಬಿಡುತ್ತದೆ. ಅದಕ್ಕೇ ಅದು ಗುಂಡಿ ತೋಡಿ ಮೊಟ್ಟೆ ಇಡಲು ಶುರು ಮಾಡುವ ತನಕ ಕಾಯಬೇಕು. ಆಮೇಲೆ ಹಿಂದಿನಿಂದ ಹೋಗಿ, ಬೀಳುವ ಮೊಟ್ಟೆ ಎಣಿಸಿ, ಚಿಪ್ಪಿನ ಉದ್ದ ಅಳೆದು ಬರೆದುಕೊಳ್ಳಬೇಕು. ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ. ಕೆಲವು ರಾತ್ರಿ ಒಂದು ಆಮೆಯೂ ಬರುವುದಿಲ್ಲ, ಮಳೆ ಮಾತ್ರ ಬರುತ್ತದೆ.

ಮರಳಿನ ಬಿಸಿ ಹೆಚ್ಚಿದಷ್ಟೂ ಹೆಣ್ಣು ಮರಿಗಳು ಜಾಸ್ತಿ ಹುಟ್ಟುತ್ತವೆ ಅನ್ನುವುದನ್ನು ಕೇಳಿರಬಹುದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಬಿಸಿಯಾದ ಉತ್ತರ ಭಾಗದ ತೀರಗಳಿಂದ ಬಂದ ಎಳೆಯ ಹಸಿರು ಆಮೆಗಳಲ್ಲಿ ನೂರಕ್ಕೆ 99ರಷ್ಟು ಹೆಣ್ಣೇ ಅಂತ 2018ರ ಅಧ್ಯಯನ ತೋರಿಸಿತು. ಹಾಗಾಗಿ ಗೂಡಿನ ಮೇಲೆ ನೆರಳು ಬಲೆ ಕಟ್ಟುವ ಕೆಲಸವೂ ಈಗ ಕೆಲವು ಕಡೆ ಇರುತ್ತದೆ.

ಇಲ್ಲಿ ಒಂದು ಗಂಭೀರ ಮಾತು ಹೇಳಲೇಬೇಕು. ಅದೇ ಕೋಸ್ಟರಿಕಾದ ಮೊಯಿನ್ ತೀರದಲ್ಲಿ 2013ರ ಮೇ ಕೊನೆಯಲ್ಲಿ ಹೈರೊ ಮೋರಾ ಸಂದೊವಾಲ್ ಅನ್ನುವ 26 ವರ್ಷದ ಆಮೆ ರಕ್ಷಕನನ್ನು ಗಸ್ತಿನಲ್ಲಿದ್ದಾಗ ಅಪಹರಿಸಿ ಕೊಂದರು. ಅವತ್ತು ಅವನ ಜೊತೆ ವಿದೇಶದಿಂದ ಬಂದ ಸ್ವಯಂಸೇವಕಿಯರೂ ಇದ್ದರು. ಮೊಟ್ಟೆ ಕದ್ದು ಮಾರುವುದು ಕೆಲವು ತೀರಗಳಲ್ಲಿ ದೊಡ್ಡ ದಂಧೆ. ರಾತ್ರಿ ಗಸ್ತಿಗೆ ಒಪ್ಪುವ ಮೊದಲು ಜೊತೆಗೆ ಯಾರು ಬರುತ್ತಾರೆ, ಪೊಲೀಸರಿಗೆ ಗೊತ್ತಿದೆಯಾ, ಏನಾದರೂ ಆದರೆ ಸಂಪರ್ಕ ಹೇಗೆ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕುವವರ ಜೊತೆ ಹೋಗಬೇಡಿ.

ತಿಮಿಂಗಿಲಗಳು ದಡಕ್ಕೆ ಬಂದು ಸಿಕ್ಕಿಕೊಳ್ಳುವುದನ್ನು ಸುದ್ದಿಯಲ್ಲಿ ನೋಡಿರುತ್ತೀರಿ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ತುದಿಯಲ್ಲಿ ಫೇರ್‌ವೆಲ್ ಸ್ಪಿಟ್ ಅನ್ನುವ ಮರಳಿನ ದಿಬ್ಬ ಕೊಕ್ಕೆಯ ಹಾಗೆ ಬಾಗಿದೆ. ಅದರ ಒಳಗಿನ ನೀರು ಆಳವಿಲ್ಲ, ಇಳಿತದ ಹೊತ್ತಿಗೆ ಬಹಳ ದೂರ ಹಿಂದೆ ಸರಿಯುತ್ತದೆ. 2017ರ ಫೆಬ್ರವರಿಯಲ್ಲಿ 400ಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ಅಲ್ಲಿ ಸಿಕ್ಕಿಕೊಂಡವು. ನೂರಾರು ಜನ ಓಡಿ ಬಂದರು. ಸಿಕ್ಕಿಬಿದ್ದ ತಿಮಿಂಗಿಲಕ್ಕೆ ಒದ್ದೆ ಬಟ್ಟೆ ಹೊದಿಸಿ ನೀರು ಹಾಕುತ್ತಿರಬೇಕು, ಆದರೆ ತಲೆಯ ಮೇಲಿನ ಉಸಿರಿನ ರಂಧ್ರಕ್ಕೆ ಒಂದು ಹನಿಯೂ ಹೋಗಬಾರದು. ಮಗ್ಗುಲಾಗಿ ಬೀಳದ ಹಾಗೆ ಆನಿಸಬೇಕು. ಬಾಲದ ಹತ್ತಿರ ನಿಲ್ಲಲೇಬಾರದು. ಉಬ್ಬರ ಬಂದಾಗ ಎಲ್ಲವನ್ನೂ ಒಟ್ಟಿಗೆ ಬಿಡಬೇಕು, ಯಾಕೆಂದರೆ ಗುಂಪು ಬಿಟ್ಟು ಅವು ಹೋಗುವುದಿಲ್ಲ, ಹಿಂದಕ್ಕೇ ಬರುತ್ತವೆ. ಅವತ್ತು ಜನ ಕೈ ಕೈ ಹಿಡಿದು ತಣ್ಣೀರಿನಲ್ಲಿ ಗೋಡೆಯಾಗಿ ನಿಂತಿದ್ದು ಅದಕ್ಕೇ. ಇದನ್ನೆಲ್ಲ ಅಲ್ಲಿನ ‘ಪ್ರಾಜೆಕ್ಟ್ ಜೋನಾ’ ಅನ್ನುವ ಸಂಸ್ಥೆ ಒಂದು ದಿನದ ತರಬೇತಿಯಲ್ಲಿ ಕಲಿಸುತ್ತದೆ. ಬ್ರಿಟನ್‌ನಲ್ಲೂ ಡೈವರ್‌ಗಳು 1988ರಲ್ಲಿ ಕಟ್ಟಿದ ಸಂಸ್ಥೆಯೊಂದು ಇಂಥದ್ದೇ ತರಬೇತಿ ಕೊಡುತ್ತದೆ. ಪ್ರವಾಸದ ಒಂದು ದಿನ ಇದಕ್ಕೆ ಕೊಟ್ಟರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ಇನ್ನು ಹಾಸ್ಟೆಲ್ ವಾಸ. ಮೀನಿನ ವಾಸನೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಕೆಲಸದ ಬಟ್ಟೆಗೆ ಬೇರೆ ಗಟ್ಟಿ ಚೀಲ ಇಡಿ, ಎಂಟು ಜನ ಮಲಗುವ ಕೋಣೆಗೆ ಅದನ್ನು ತರಬೇಡಿ. ರಾತ್ರಿ ಗಸ್ತು ಮುಗಿಸಿ ಬೆಳಗಿನ ಜಾವ ಬರುವವರು ಕೆಳಗಿನ ಹಾಸಿಗೆ ಕೇಳಿ ಪಡೆಯಿರಿ. ಹಗಲಲ್ಲಿ ನಿದ್ದೆ ಮಾಡೋಕೆ ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ ಬೇಕೇ ಬೇಕು.

ವೀಸಾ ವಿಷಯದಲ್ಲಿ ಮಾತ್ರ ಹಾಸ್ಟೆಲ್ ಗೆಳೆಯರ ಮಾತು ಕೇಳಬೇಡಿ. ಸಂಬಳ ಇಲ್ಲದಿದ್ದರೆ ಅದು ಕೆಲಸವೇ ಅಲ್ಲ ಅಂತ ಎಲ್ಲರೂ ಹೇಳುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಊಟ, ಹಾಸಿಗೆಗೆ ಬದಲಾಗಿ ದುಡಿದರೂ ಅದು ಕೆಲಸವೇ. ಬ್ರಿಟನ್‌ಗೆ ಸಾಮಾನ್ಯ ಪ್ರವಾಸಿಯಾಗಿ ಹೋದವರು ನೋಂದಾಯಿತ ದತ್ತಿ ಸಂಸ್ಥೆಯಲ್ಲಿ ಒಟ್ಟು 30 ದಿನ ಮೀರದ ಹಾಗೆ ಸ್ವಯಂಸೇವೆ ಮಾಡಬಹುದು. ಒಂದೊಂದು ದೇಶದ್ದು ಒಂದೊಂದು ನಿಯಮ. ರಾಯಭಾರ ಕಚೇರಿಯನ್ನೇ ಕೇಳಿ.

ಸೇವೆ ಮಾಡೋಕೆ ನಾವೇ ದುಡ್ಡು ಕೊಡಬೇಕಾ ಅಂತ ಕೆಲವರಿಗೆ ಸಿಟ್ಟು ಬರುತ್ತದೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ನಿಮಗೆ ಊಟ ಹಾಕಿ, ಕೆಲಸ ಕಲಿಸಿ, ಜೊತೆಗೊಬ್ಬರನ್ನು ಕಳಿಸುವುದಕ್ಕೆ ಖರ್ಚಿದೆ. ಆದರೆ ಕೊಟ್ಟ ದುಡ್ಡಿನಲ್ಲಿ ತೀರದವರೆಗೆ ಎಷ್ಟು ಹೋಗುತ್ತದೆ, ಮಧ್ಯದ ಏಜೆಂಟ್ ಎಷ್ಟು ಇಟ್ಟುಕೊಳ್ಳುತ್ತಾನೆ ಅಂತ ಕೇಳುವ ಹಕ್ಕು ನಿಮ್ಮದು.

ಎರಡೇ ದಿನ ಇರುವವರಿಗೂ ದಾರಿ ಇದೆ. ಪಶ್ಚಿಮ ಆಸ್ಟ್ರೇಲಿಯಾದ ನಿಂಗಲೂ ತೀರದಲ್ಲಿ ತಿಮಿಂಗಿಲ ಶಾರ್ಕ್ ನೋಡಲು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಮೀನಿನಿಂದ ಮೂರು ಮೀಟರ್, ಬಾಲದಿಂದ ನಾಲ್ಕು ಮೀಟರ್ ದೂರ ಇರಬೇಕು. ಅಷ್ಟು ದೂರದಿಂದಲೇ ಕಿವಿರಿನ ಹಿಂದಿನ ಚುಕ್ಕೆಗಳು ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ. ಆ ಚುಕ್ಕೆಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಚಿತ್ರ ಹೋಲಿಸಲು ಬಳಸುತ್ತಿದ್ದ ಲೆಕ್ಕವನ್ನೇ ತಂದು, ಈ ಚುಕ್ಕೆಗಳಿಂದ ಮೀನನ್ನು ಗುರುತು ಹಿಡಿಯುತ್ತಾರೆ. ಹಂಪ್‌ಬ್ಯಾಕ್ ತಿಮಿಂಗಿಲದ ಬಾಲದ ಅಡಿಭಾಗದ ಫೋಟೊ ಸಿಕ್ಕರೆ ‘ಹ್ಯಾಪಿವೇಲ್’ ಜಾಲತಾಣಕ್ಕೆ ಹಾಕಿ. ಅದೇ ತಿಮಿಂಗಿಲವನ್ನು ಬೇರೆ ಕಡಲಲ್ಲಿ ಇನ್ಯಾರೋ ನೋಡಿದ್ದರೆ ನಿಮಗೂ ತಿಳಿಯುತ್ತದೆ. ಈ ಸೇವೆಗೆ ಶುಲ್ಕವೂ ಇಲ್ಲ, ಯಾರ ಅಪ್ಪಣೆಯೂ ಬೇಡ.

ದೊಡ್ಡ ಕೆಲಸಕ್ಕೆ ಹೋಗುವವರು ವಿಮಾನದ ಟಿಕೆಟ್ ತೆಗೆಯುವ ಮೊದಲೇ ಸಂಸ್ಥೆಗೆ ಪತ್ರ ಬರೆಯಿರಿ. ಟೋರ್ಟುಗೇರೊದಲ್ಲಿ ಹಸಿರು ಆಮೆಗಳ ಕಾಲ ಜುಲೈನಿಂದ ಅಕ್ಟೋಬರ್. ಡಿಸೆಂಬರ್‌ನಲ್ಲಿ ಹೋದರೆ ಖಾಲಿ ಮರಳು. ಪತ್ರವನ್ನು ‘ಚಿಕ್ಕಂದಿನಿಂದಲೂ ನನಗೆ ಡಾಲ್ಫಿನ್ ಅಂದರೆ ಪ್ರಾಣ’ ಅಂತ ಶುರು ಮಾಡಬೇಡಿ, ಅಂಥವು ಅವರಿಗೆ ರಾಶಿ ಬಂದಿರುತ್ತವೆ. ಎಷ್ಟು ವಾರ ಇರುತ್ತೀರಿ, ಎಷ್ಟು ಭಾರ ಎತ್ತಬಲ್ಲಿರಿ, ಧನುರ್ವಾಯು ಚುಚ್ಚುಮದ್ದು ಆಗಿದೆಯಾ, ಯಾವ ಭಾಷೆ ಬರುತ್ತದೆ ಅಂತ ಬರೆಯಿರಿ. ನೀರಿನ ಪಂಪ್ ರಿಪೇರಿಯೋ ಬಡಗಿ ಕೆಲಸವೋ ಗೊತ್ತಿದ್ದರೆ ಅದನ್ನೇ ಮೊದಲ ಸಾಲಿನಲ್ಲಿ ಹಾಕಿ.

ನಮಸ್ಕಾರ.