ಅಮೆರಿಕ ಇರೋದು ಪಶ್ಚಿಮಕ್ಕೆ, ವಿಮಾನ ಹೋಗೋದು ಪೂರ್ವಕ್ಕೆ!

ನಮಸ್ಕಾರ. ವೀಕ್ಷಕರೊಬ್ಬರು ಮಗಳನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿ, ಮೊಬೈಲ್‌ನಲ್ಲಿ ವಿಮಾನ ಎಲ್ಲಿದೆ ಅಂತ ನೋಡ್ತಾ ಕೂತಿದ್ದರಂತೆ. "ಅಮೆರಿಕ ಪಶ್ಚಿಮದಲ್ಲಿದೆ ಅಲ್ವಾ? ಇದು ಯಾಕೆ ಜಪಾನ್ ಕಡೆ ಹೋಗ್ತಿದೆ?" ಅಂತ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ.

[ಸ್ಕ್ರೀನ್ ಮೇಲೆ: ಮೂಸಂಬಿ, ದಾರ]

ಗೋಡೆಯ ಮ್ಯಾಪ್ ಮರೆತುಬಿಡಿ. ಮೂಸಂಬಿ ಮೇಲೆ ಎರಡು ಚುಕ್ಕೆ ಇಟ್ಟು ದಾರ ಬಿಗಿಯಾಗಿ ಎಳೆಯಿರಿ. ಅದೇ ಹತ್ತಿರದ ದಾರಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅದು ಸುಮಾರು 14,000 ಕಿಲೋಮೀಟರ್. ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾ ದಾಟಿ ಹೋಗುತ್ತದೆ. ಅಂದರೆ ಪೂರ್ವದ ಕಡೆಯೇ ಹತ್ತಿರ! ಇಷ್ಟು ಸಾಕು, ಮುಂದೆ ಹೋಗೋಣ. ನನಗೆ ಮಜಾ ಅನಿಸಿದ್ದು ಬೇರೆ.

2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನದ ದಾರಿ ಬದಲಿಸಿತು. ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದೂರ ಸುಮಾರು 1,400 ಕಿಲೋಮೀಟರ್ ಜಾಸ್ತಿ ಆಯಿತು. ಟೈಮ್? ಸುಮಾರು ಎರಡು ಗಂಟೆ ಕಡಿಮೆ!

ಮೆಜೆಸ್ಟಿಕ್ ಮೇಲೆ ಹೋದರೆ ಹತ್ತಿರ, ಆದರೂ ನಾವು ದುಡ್ಡು ಕೊಟ್ಟು ನೈಸ್ ರೋಡ್ ಹಿಡಿಯಲ್ವಾ? ಅದೇ ಲೆಕ್ಕ. ಇಲ್ಲಿ ಟೋಲ್ ಕೂಡ ಇಲ್ಲ, ರೋಡೇ ನಿಮ್ಮನ್ನು ತಳ್ಳುತ್ತದೆ. ಆ ರೋಡಿನ ಹೆಸರು ಜೆಟ್ ಸ್ಟ್ರೀಮ್. ನೆಲದಿಂದ ಹತ್ತು ಕಿಲೋಮೀಟರ್ ಆಸುಪಾಸು ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಓಡುವ ಗಾಳಿಯ ಹೊಳೆ. ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರ್ ಕೂಡ ದಾಟುತ್ತದೆ.

[ಸ್ಕ್ರೀನ್ ಮೇಲೆ: 15,300 ÷ 14.5]

ಒಂದು ಸಣ್ಣ ಭಾಗಾಕಾರ. ದೆಹಲಿಯಿಂದ ಹೊರಟ ಆ ವಿಮಾನ ಪೆಸಿಫಿಕ್ ದಾರಿಯ 15,300 ಕಿಲೋಮೀಟರನ್ನು ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಸಿತು. ಗಂಟೆಗೆ 1,055! ವಿಮಾನದ ಸ್ವಂತ ವೇಗ 900ರ ಹತ್ತಿರ. ಉಳಿದದ್ದೆಲ್ಲ ಗಾಳಿಯ ಪುಕ್ಕಟೆ ಸೇವೆ.

ಇನ್ನೂ ಒಂದಿದೆ. ವಾಪಸ್ ಬರುವಾಗಲೂ ಗಾಳಿ ಬೆನ್ನಿಗೇ ಇರಲಿ ಅಂತ ಅಟ್ಲಾಂಟಿಕ್ ಕಡೆಯಿಂದ ಬಂತು. ಹೋಗಿದ್ದೂ ಪೂರ್ವಕ್ಕೆ, ಬಂದಿದ್ದೂ ಪೂರ್ವಕ್ಕೆ. ಒಂದು ಸುತ್ತಿಗೆ ಭೂಪ್ರದಕ್ಷಿಣೆ ಮುಗಿಯಿತು! ಸುಬ್ರಹ್ಮಣ್ಯ ನವಿಲೇರಿ ಮಾಡಿದ್ದನ್ನು ಇವರು ಬೋಯಿಂಗ್ ಏರಿ ಮಾಡಿದರು. ಹಣ್ಣು ಸಿಕ್ಕಿತಾ ಅಂತ ಮಾತ್ರ ಕೇಳಬೇಡಿ.

ಅಯ್ಯೋ, ಟೈಮ್ ಆಯ್ತು. ಬೇಗ ಬೇಗ ಹೇಳ್ತೀನಿ. ಹತ್ತಿರ ಅಂತ ಟಿಬೆಟ್ ಮೇಲೆ ಯಾಕೆ ಜಾಸ್ತಿ ಹಾರಲ್ಲ? ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ವಿಮಾನ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಅಲ್ಲಿ ನೆಲವೇ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರ. ಇನ್ನು ಧ್ರುವದ ಕಡೆ ಹೋದರೆ ಚಳಿ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿ ಹತ್ತಿರ ಹೆಪ್ಪುಗಟ್ಟೋಕೆ ಶುರುವಾಗುತ್ತದೆ. ಹಾಗಿದ್ದರೂ 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೇ ಹಾರಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರವಾಗಿ ಬೆಂಗಳೂರಿಗೆ ಬಂದರು. 9ನೇ ತಾರೀಖು ಶನಿವಾರ ರಾತ್ರಿ ಹೊರಟು, 11 ಸೋಮವಾರ ಬೆಳಗಿನ ಜಾವ ಇಳಿದರು. ಭಾನುವಾರದ ರಜೆ ಆಕಾಶಕ್ಕೆ ಹೋಯಿತು.

ಬೆಂಗಳೂರಿನಿಂದ ಹೋಗುವಾಗ ಉಲ್ಟಾ. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿ ಅಂತಿಟ್ಟುಕೊಳ್ಳಿ. ಇಳಿದಾಗ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಮಗಳು "ತಲುಪಿದೆ ಅಪ್ಪಾ" ಅಂತ ಫೋನ್ ಮಾಡುವಾಗ ನಿಮ್ಮ ಮನೆ ಬಾಗಿಲಿಗೆ ಮರುದಿನದ ಹಾಲಿನ ಪ್ಯಾಕೆಟ್ ಬಂದಿರುತ್ತದೆ.