ಕೂಲರ್ ಬದಲಿಸಿದರೆ ಅರ್ಧ ಕೆಲಸ

ಎಲ್ಲರಿಗೂ ನಮಸ್ಕಾರ. ಹಾಸನದ ವರ್ಕ್‌ಶಾಪ್‌ಗಳಿಂದ, ಬೇಲೂರು, ಸಕಲೇಶಪುರ ಕಡೆಯಿಂದ ಬಂದಿರುವ ಮೆಕ್ಯಾನಿಕ್ ಗೆಳೆಯರಿಗೆ, ಗಾಡಿ ಮಾಲೀಕರಿಗೆ, ಹಿಂದಿನ ಬೆಂಚಿನಲ್ಲಿ ಕೂತಿರುವ ಐಟಿಐ ಹುಡುಗರಿಗೆ ಸ್ವಾಗತ. ಭಾನುವಾರದ ಬೆಳಗ್ಗೆ ಮನೆಕೆಲಸ ಬಿಟ್ಟು ಬಂದಿದ್ದೀರಿ. ನೇರ ವಿಷಯಕ್ಕೆ ಬರುತ್ತೇನೆ.

ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವದ ಡಬ್ಬಿಯ ಮುಚ್ಚಳ ತೆಗೆಯುತ್ತೀರಿ. ಹಸಿರೋ ಕೆಂಪೋ ನೀರು ಇರಬೇಕಾದ ಕಡೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಕೆನೆ ಕಟ್ಟಿರುತ್ತದೆ. ಮಾಲೀಕರು ಮುಖ ಸಪ್ಪಗೆ ಮಾಡಿಕೊಂಡು, "ಹೆಡ್ ಹೋಯ್ತಾ ಅಣ್ಣಾ?" ಅಂತ ಕೇಳುತ್ತಾರೆ. ನಾವೂ "ಹೂಂ, ಹಾಗೇ ಕಾಣ್ತದೆ" ಅಂದುಬಿಡುತ್ತೇವೆ. ಸ್ಪ್ಯಾನರ್ ಸೀದಾ ಹೆಡ್ಡಿನ, ಅಂದರೆ ಎಂಜಿನ್ ಬ್ಲಾಕಿನ ಮೇಲೆ ಕೂರುವ ಭಾಗದ, ಬೋಲ್ಟಿಗೆ ಹೋಗುತ್ತದೆ. ಇವತ್ತು ನಾನು ಹೇಳಬೇಕಾದ್ದು ಎರಡೇ ಮಾತು. ಹೆಡ್ ಬೋಲ್ಟ್ ಮುಟ್ಟುವ ಮೊದಲು ಆಯಿಲ್ ಕೂಲರ್ ನೋಡಿ. ಕೂಲರ್ ಬದಲಿಸಿದ ಮೇಲೆ ಆ ಕೆನೆಯನ್ನು ಪೂರ್ತಿ ತೊಳೆಯದೆ ಗಾಡಿ ಕೊಡಬೇಡಿ. ಮೊದಲನೆಯದನ್ನು ಈಗ ತುಂಬಾ ಜನ ಒಪ್ಪುತ್ತಾರೆ. ಎರಡನೆಯದನ್ನು ಬಾಯಲ್ಲಿ ಒಪ್ಪುತ್ತಾರೆ, ಅಷ್ಟೆ.

ಕೂಲರ್ ಎಲ್ಲಿರುತ್ತದೆ? ಬಹಳಷ್ಟು ಕಾರುಗಳಲ್ಲಿ ಆಯಿಲ್ ಫಿಲ್ಟರಿನ ಬುಡದಲ್ಲೇ ಇರುತ್ತದೆ. ಕಮ್ಮಿನ್ಸ್ ಬಿ ಸೀರೀಸ್ ಎಂಜಿನ್ ಇರುವ ಲಾರಿಯಲ್ಲಿ ಬ್ಲಾಕಿನ ಪಕ್ಕ, ಫಿಲ್ಟರ್ ಹೆಡ್ ಹಿಂದೆ, ಪ್ಲೇಟುಗಳ ಕೋರ್ ಕೂತಿರುತ್ತದೆ. ಕೆಲವು ಹಳೆಯ ಎಂಜಿನ್‌ಗಳಲ್ಲಿ ಉದ್ದನೆಯ ಕೊಳವೆಯೊಳಗೆ ಸಣ್ಣ ಟ್ಯೂಬುಗಳ ಕಟ್ಟು. ರೂಪ ಯಾವುದಾದರೂ ಒಳಗಿನ ಸಂಗತಿ ಒಂದೇ. ಒಂದು ಕಡೆ ಆಯಿಲ್, ಇನ್ನೊಂದು ಕಡೆ ಕೂಲೆಂಟ್, ನಡುವೆ ತೆಳುವಾದ ಲೋಹದ ಗೋಡೆ. ಬಿಸಿ ದಾಟಬೇಕು, ದ್ರವ ದಾಟಬಾರದು.

ಗುಂಡ್ಯದಿಂದ ಮಾರನಹಳ್ಳಿ ಕಡೆಗೆ ಶಿರಾಡಿ ಘಾಟಿ ಹತ್ತುವ ಲೋಡ್ ಲಾರಿಯನ್ನು ನೆನಪಿಸಿಕೊಳ್ಳಿ. ಸ್ಪೀಡ್ ಇಲ್ಲ, ಎದುರುಗಾಳಿ ಇಲ್ಲ, ಎಂಜಿನ್ ಮಾತ್ರ ಪೂರ್ತಿ ದುಡಿಯುತ್ತಿದೆ. ಟರ್ಬೋದ ಬೇರಿಂಗನ್ನು ತಣಿಸುವುದು ಆಯಿಲ್. ಪಿಸ್ಟನ್ ಅಡಿಗೆ ಚಿಮ್ಮಿ ಅದರ ಬಿಸಿ ಹೊತ್ತು ತರುವುದೂ ಆಯಿಲ್. ಆ ಬಿಸಿಯನ್ನು ಕೂಲೆಂಟಿಗೆ ದಾಟಿಸುವುದು ಕೂಲರ್. ಬೆಳಗ್ಗೆ ಇದೇ ಕೆಲಸ ತಿರುಗುಮುರುಗು. ಡಿಸೆಂಬರ್ ಚಳಿಯಲ್ಲಿ ಕಾಫಿ ಕುಯ್ಲಿಗೆ ಆಳು ಕರೆದುಕೊಂಡು ಹೋಗುವ ಪಿಕಪ್ ಸ್ಟಾರ್ಟ್ ಮಾಡಿದಾಗ ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ನಿಧಾನ. ಆಗ ಕೂಲರ್ ಆಯಿಲನ್ನು ಬಿಸಿ ಮಾಡುತ್ತದೆ. ಅದಕ್ಕೇ ಕೂಲರ್ ತೆಗೆದು ಬೈಪಾಸ್ ಮಾಡಿ ಕೊಡುವ ಬುದ್ಧಿವಂತಿಕೆ ನನಗೆ ಇಷ್ಟವಿಲ್ಲ. ಘಾಟಿ ಹತ್ತದ ಗಾಡಿಗೂ ಅದು ಬೇಡ.

ಈಗ ಒತ್ತಡದ ಲೆಕ್ಕ. ಇದು ಗೊತ್ತಿದ್ದರೆ ರೋಗ ಹಿಡಿಯುವುದು ಸುಲಭ. ಎಂಜಿನ್ ಓಡುವಾಗ ಆಯಿಲ್ ಒತ್ತಡ ಸಾಮಾನ್ಯವಾಗಿ 3ರಿಂದ 5 ಬಾರ್. ರೇಡಿಯೇಟರ್ ಮುಚ್ಚಳ ಹಿಡಿದಿಡುವುದು ಸುಮಾರು 1 ಬಾರ್. ನಡುವಿನ ಗೋಡೆ ಬಿರುಕು ಬಿಟ್ಟರೆ ಯಾವುದು ಯಾವುದರೊಳಗೆ ನುಗ್ಗುತ್ತದೆ ಹೇಳಿ? ಆಯಿಲ್ ಕೂಲೆಂಟಿಗೆ ನುಗ್ಗುತ್ತದೆ. ಆದ್ದರಿಂದ ಡಬ್ಬಿಯಲ್ಲಿ ಕೆನೆ ಇದೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಾತ್ರ ಶುದ್ಧವಾಗಿದೆ, ಗಾಡಿಯ ಎಳೆತ ಚೆನ್ನಾಗಿದೆ, ಬಿಳಿ ಹೊಗೆ ಇಲ್ಲ ಅಂದರೆ ನನ್ನ ಮೊದಲ ಅನುಮಾನ ಕೂಲರ್ ಮೇಲೆ.

ಎಂಜಿನ್ ಆಫ್ ಮಾಡಿದ ಕೂಡಲೇ ಲೆಕ್ಕ ಉಲ್ಟಾ ಆಗುತ್ತದೆ. ಆಯಿಲ್ ಒತ್ತಡ ಸೊನ್ನೆಗೆ ಇಳಿಯುತ್ತದೆ. ಕೂಲೆಂಟ್ ಮಾತ್ರ ಬಿಸಿಯಾಗಿ, ಒತ್ತಡದಲ್ಲೇ ಇರುತ್ತದೆ. ತೂತು ದೊಡ್ಡದಾಗಿದ್ದರೆ ಆಗ ಕೂಲೆಂಟ್ ಆಯಿಲ್ ಕಡೆ ಇಳಿಯುತ್ತದೆ. ಆದ್ದರಿಂದ ಡಿಪ್‌ಸ್ಟಿಕ್ ಒರೆಸಿ ನೋಡಿ ಸುಮ್ನೆ ಸಮಾಧಾನ ಪಡಬೇಡಿ. ರಾತ್ರಿಯಿಡೀ ಗಾಡಿ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟ್ ಮಾಡದೆ ಸಂಪಿನ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯ, ಡ್ರೈನ್ ಬೋಲ್ಟ್ ಮೆಲ್ಲಗೆ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ನಿಂತಿರುತ್ತದೆ, ಮೊದಲು ಅದೇ ತೊಟ್ಟಿಕ್ಕುತ್ತದೆ. ನೀರು ಕಂಡರೆ ಅಥವಾ ಆಯಿಲ್ ಬೆಳ್ಳಗಾಗಿದ್ದರೆ ಆ ಎಂಜಿನ್ ಮತ್ತೆ ಓಡಿಸಬೇಡಿ. ಕೂಲೆಂಟಿನ ಗ್ಲೈಕಾಲ್ ಸೇರಿದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ. "ಇಲ್ಲೇ ಚನ್ನರಾಯಪಟ್ಟಣದ ತನಕ ಹೋಗಿಬಿಡ್ತೀನಿ" ಅನ್ನುವವರಿಗೆ ಟೋ ಮಾಡಿಸಿ ಎಂದು ಹೇಳುವುದೇ ಅವರಿಗೆ ಮಾಡುವ ಉಪಕಾರ.

ಒಂದು ಮಾತು ಪಕ್ಕದಲ್ಲಿ. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಗೆ ಸ್ವಲ್ಪ ಬಿಳಿ ನೊರೆ ಕಂಡರೆ ಗಾಬರಿ ಬೇಡ. ತೋಟದಿಂದ ಪೇಟೆಗೆ ಹೋಗಿ ಬರುವಷ್ಟೇ ಓಡುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಗಾಳಿಯ ತೇವ ಒಳಗೆ ಹನಿಗಟ್ಟಿ ಹಾಗಾಗುತ್ತದೆ. ಕೂಲೆಂಟ್ ಮಟ್ಟ ಇಳಿಯದಿದ್ದರೆ, ಡಬ್ಬಿ ಶುದ್ಧವಾಗಿದ್ದರೆ, ಒಂದು ದೂರದ ಓಟ ಕೊಡಿ, ಹೋಗುತ್ತದೆ.

ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಬೇರೆ ಗುರುತು ಕೊಡುತ್ತದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಡಬ್ಬಿಯಲ್ಲಿ ಗುಳ್ಳೆ ಏಳುತ್ತಲೇ ಇರುತ್ತದೆ. ನೀಲಿ ದ್ರವದ ಟೆಸ್ಟರ್ ಇಟ್ಟರೆ ಹಳದಿಗೆ ತಿರುಗುತ್ತದೆ, ಯಾಕೆಂದರೆ ಹೊಗೆಯ ಕಾರ್ಬನ್ ಡೈಆಕ್ಸೈಡ್ ಕೂಲೆಂಟಿಗೆ ಬರುತ್ತಿದೆ. ಡೀಸೆಲ್ ಎಂಜಿನ್ ಐಡಲ್‌ನಲ್ಲಿರುವಾಗ ಹೊಗೆಯಲ್ಲಿ ಆ ಅನಿಲ ಕಡಿಮೆ. ಸ್ವಲ್ಪ ರೇಸ್ ಕೊಟ್ಟು ನೋಡಬೇಕು. ಏರ್ ಬ್ರೇಕ್ ಲಾರಿಯಾದರೆ ಕಂಪ್ರೆಸರನ್ನೂ ಮರೆಯಬೇಡಿ. ಅದರ ಹೆಡ್ಡಿಗೂ ಎಂಜಿನ್ ಕೂಲೆಂಟೇ ಹೋಗುತ್ತದೆ. ಅಲ್ಲಿನ ಗ್ಯಾಸ್ಕೆಟ್ ಹೋದರೂ ಡಬ್ಬಿಯಲ್ಲಿ ಗುಳ್ಳೆ ಬರುತ್ತದೆ, ಜೊತೆಗೆ ಆಯಿಲ್ಲೂ ಬರಬಹುದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಎಷ್ಟೋ ಕಾರುಗಳಲ್ಲಿ ರೇಡಿಯೇಟರ್ ಟ್ಯಾಂಕಿನೊಳಗೇ ಗೇರ್ ಆಯಿಲಿನ ಕೂಲರ್ ಇರುತ್ತದೆ. ಕೆನೆ ಗುಲಾಬಿ ಬಣ್ಣಕ್ಕಿದ್ದರೆ ಕಣ್ಣು ಆ ಕಡೆ ಹೋಗಲಿ.

ಅನುಮಾನ ಇದ್ದರೆ ಕೂಲರ್ ಬಿಚ್ಚಿ ಪರೀಕ್ಷೆ ಮಾಡಿ. ಆಯಿಲ್ ಕಡೆಯ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಸುಮಾರು 4 ಬಾರ್ ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿ. ನೀರು ಬಿಸಿಯಾಗಿರಲಿ. ತಣ್ಣಗಿದ್ದಾಗ ಮುಚ್ಚಿಕೊಳ್ಳುವ ಕೂದಲೆಳೆಯ ಬಿರುಕು ಬಿಸಿಯಲ್ಲಿ ತೆರೆಯುತ್ತದೆ. ತಣ್ಣೀರಿನಲ್ಲಿ ಪಾಸಾದ ಕೂಲರನ್ನು ನಂಬಿ ಹೆಡ್ ಎತ್ತಿದರೆ ಮಾಲೀಕರಿಗೆ ದಂಡ.

ಕೂಲರ್ ಯಾಕೆ ಸಾಯುತ್ತದೆ? ಕಂಪನ, ಗಟ್ಟಿಯಾದ ಓ-ರಿಂಗ್, ಬಿರುಕು ಬಿಟ್ಟ ಪ್ಲಾಸ್ಟಿಕ್ ಹೌಸಿಂಗ್, ಇವೆಲ್ಲ ಇವೆ. ಆದರೆ ನಮ್ಮ ಕಡೆ ದೊಡ್ಡ ಕಾರಣ ನೀರು. ಬಯಲುಸೀಮೆ ಕಡೆಯವರು ಗಡಸು ಬೋರ್ ನೀರು ಹಾಕುತ್ತಾರೆ, ಪ್ಲೇಟಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಮಲೆನಾಡಿನವರು "ನಮ್ಮ ಹಳ್ಳದ ನೀರು ಬಲು ಚೊಕ್ಕ" ಅನ್ನುತ್ತಾರೆ. ಚೊಕ್ಕವೇ ಇರಬಹುದು. ಆದರೆ ತುಕ್ಕು ತಡೆಯುವ ರಾಸಾಯನಿಕ ಅದರಲ್ಲಿ ಇಲ್ಲವಲ್ಲ! ಕೂಲೆಂಟ್ ಚಳಿದೇಶದವರಿಗೆ ಮಾತ್ರ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ನಮಗೆ ಬೇಕಾದ್ದು ಅದರ ಇನ್ನೊಂದು ಗುಣ. ಹಾಸನ, ಚಿಕ್ಕಮಗಳೂರಿನ ಎತ್ತರದಲ್ಲಿ ಬರೀ ನೀರು 100 ಡಿಗ್ರಿಗೆ ಅಲ್ಲ, 96-97 ಡಿಗ್ರಿಗೇ ಕುದಿಯುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ಮತ್ತು ಗಟ್ಟಿ ಮುಚ್ಚಳ ಎರಡೂ ಸೇರಿ ಆ ಅಂಕೆಯನ್ನು ಬಹಳ ಮೇಲಕ್ಕೆ ಒಯ್ಯುತ್ತವೆ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಯಾವ ಕಟ್ಟುಪಾಡೂ ಇಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿರುವ ಬಗೆ ಯಾವುದು, ಕ್ಯಾನಿನ ಮೇಲೆ ಕೂಲೆಂಟಿನ ಭಾರತೀಯ ಮಾನಕ ಐಎಸ್ 5759 ಇದೆಯಾ, ಅದನ್ನು ನೋಡಿ.

ಬದಲಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮ್ಮ ಕೈಗೇ ಗೊತ್ತು. ಟ್ಯೂಬ್ ಕೂಲರ್ ಆದರೆ ಒಳ್ಳೆಯ ರೇಡಿಯೇಟರ್ ಅಂಗಡಿಯವರು ಸೋರುವ ಒಂದೆರಡು ಟ್ಯೂಬಿನ ಎರಡೂ ಬಾಯಿ ಮುಚ್ಚಿ ಕೊಡುತ್ತಾರೆ, ನಡೆಯುತ್ತದೆ. ಪ್ಲೇಟ್ ಕೂಲರ್ ರಿಪೇರಿ ಆಗುವುದಿಲ್ಲ, ಹೊಸದೇ ಬೇಕು. ಗ್ಯಾಸ್ಕೆಟ್, ಓ-ರಿಂಗ್ ಪೂರ್ತಿ ಸೆಟ್ ಹೊಸದಾಗಿರಲಿ. ಬೋಲ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಪೇಸ್ಟ್ ಬಳಿಯುವ ಚಟ ಬಿಡಿ. ಒಳಗೆ ಹಿಂಡಿದ ಪೇಸ್ಟಿನ ತುಣುಕು ಆಯಿಲ್ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಹೇಳಲಾಗದು. ಆಯಿಲ್, ಫಿಲ್ಟರ್ ಎರಡೂ ಬದಲಾಗಲಿ.

ಈಗ ತೊಳೆಯುವುದು. ಇದಕ್ಕೇ ನಾನು ಇಷ್ಟು ದೂರ ಬಂದದ್ದು.

ಆಯಿಲ್ ಪದರ ಲೋಹಕ್ಕೆ ಅಂಟಿಕೊಂಡರೆ ಬಿಸಿ ಕೂಲೆಂಟಿಗೆ ದಾಟುವುದು ಕಡಿಮೆಯಾಗುತ್ತದೆ. ರೇಡಿಯೇಟರಿನ ಸಣ್ಣ ಟ್ಯೂಬುಗಳಲ್ಲಿ, ಗಾಡಿಯೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರಿನಲ್ಲಿ ಕೆನೆ ಕೂತು ಬಿಡುತ್ತದೆ. ಹೊಸ ಕೂಲರ್ ಹಾಕಿಸಿಕೊಂಡು ಹೋದ ಗಾಡಿ ತಿಂಗಳೊಳಗೆ ಬಿಸಿಯಾಗಿ ಬಂದರೆ ಮಾಲೀಕರು ಕೂಲರ್ ಡೂಪ್ಲಿಕೇಟ್ ಅನ್ನುತ್ತಾರೆ. ಕೂಲರ್ ತಪ್ಪಲ್ಲ, ಒಳಗೆ ಉಳಿದ ಕೆನೆಯದು.

ಕ್ರಮ ಹೀಗಿರಲಿ. ಎಂಜಿನ್ ತಣ್ಣಗಿರುವಾಗ ಮೇಲೆ ತೇಲುವ ಆಯಿಲನ್ನು ಕೈಲಾದಷ್ಟು ಹೀರಿ ತೆಗೆಯಿರಿ. ಇಲ್ಲಿ ಒಂದು ಲೋಟ ತೆಗೆದರೆ ಮುಂದೆ ಒಂದು ಸುತ್ತು ತೊಳೆಯುವುದು ತಪ್ಪುತ್ತದೆ. ಕೂಲೆಂಟ್ ಇಳಿಸಿ. ಡಬ್ಬಿಯನ್ನು ಬಿಚ್ಚಿ ಹೊರಗೇ ತೊಳೆಯಿರಿ. ಸೋರಿಕೆ ನಿಂತ ಮೇಲೆ, ಅಂದರೆ ಹೊಸ ಕೂಲರ್ ಕೂತ ಮೇಲೆ, ನೀರಿಗೆ ಕ್ಲೀನರ್ ಬೆರೆಸಿ ತುಂಬಿ. ಎಂಜಿನ್ ಕಂಪನಿಯ ಕ್ಲೀನರ್ ಸಿಕ್ಕರೆ ಅದೇ ಸರಿ. ಸಿಗದಿದ್ದರೆ ನೊರೆ ಬರದ ಡಿಟರ್ಜೆಂಟ್, ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕುತ್ತಾರಲ್ಲ, ಆ ಪುಡಿ. ಕೈಯಲ್ಲಿ ಪಾತ್ರೆ ಉಜ್ಜುವ ಲಿಕ್ವಿಡ್ ಬೇಡ. ಅದರ ನೊರೆ ಪಂಪಿಗೆ ಸಿಕ್ಕಿ ನೀರು ಸರಿಯಾಗಿ ಓಡುವುದಿಲ್ಲ, ಎಂಜಿನ್ ಅಲ್ಲಲ್ಲಿ ಕಾದುಬಿಡುತ್ತದೆ. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್ ಯಾವುದನ್ನೂ ಹಾಕಬೇಡಿ. ಬೆಂಕಿಯ ಭಯ ಒಂದು ಕಡೆ, ಇದ್ದ ರಬ್ಬರನ್ನೆಲ್ಲ ಉಬ್ಬಿಸಿ ಹಾಳು ಮಾಡುವುದು ಇನ್ನೊಂದು ಕಡೆ.

ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ. ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆರೆಯುವುದು ಬಹಳ ಎಂಜಿನ್‌ಗಳಲ್ಲಿ 82 ಡಿಗ್ರಿ ಹತ್ತಿರ. ಕೆಳಗಿನ ಹೋಸ್ ಬಿಸಿಯಾಗುವ ತನಕ ರೇಡಿಯೇಟರ್ ತೊಳೆಯಲು ಶುರುವೇ ಆಗಿಲ್ಲ ಎಂದು ತಿಳಿಯಿರಿ. ಅಲ್ಲಿಂದ ಸುಮಾರು ಅರ್ಧ ಗಂಟೆ ಓಡಲಿ. ಆಮೇಲೆ ಕೈ ಸುಡದಷ್ಟು ಆರಿದ ಮೇಲೆ ಇಳಿಸಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಇಷ್ಟು ಹೊತ್ತು ಕಾಪಾಡಿದ ಹೆಡ್ಡನ್ನು ನಾವೇ ಒಡೆದಂತೆ. ಇಳಿಸಿದ ನೀರಿನಲ್ಲಿ ಎಣ್ಣೆ ಮಿಣುಗು ಕಾಣದಂತಾಗುವ ತನಕ ಇದನ್ನೇ ಮತ್ತೆ ಮತ್ತೆ ಮಾಡಬೇಕು. ಎಷ್ಟು ಸಲ ಎಂದು ನಾನು ಹೇಳುವುದಿಲ್ಲ, ನೀರೇ ಹೇಳುತ್ತದೆ. ಆಮೇಲೆ ಬರೀ ನೀರಿನಲ್ಲಿ ಜಾಲಾಡಿಸಿ. ಡಿಟರ್ಜೆಂಟ್ ಒಳಗೆ ನಿಂತರೆ ಅಲ್ಯೂಮಿನಿಯಮ್ಮಿಗೆ ಒಳ್ಳೆಯದಲ್ಲ. ಹೀಟರ್ ಕೋರಿಗೆ ಬೇರೆಯಾಗಿ, ಉಲ್ಟಾ ದಿಕ್ಕಿನಿಂದ, ಮೆಲ್ಲಗೆ ನೀರು ಬಿಡಿ. ಪ್ರೆಶರ್ ವಾಷರ್ ಇಟ್ಟು ಕೋರ್ ಒಡೆದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಯೋಗ ಬರುತ್ತದೆ.

ಹೋಸುಗಳನ್ನು ಬೆರಳಲ್ಲಿ ಹಿಚುಕಿ ನೋಡಿ. ಇವತ್ತಿನ ಕೂಲೆಂಟ್ ಹೋಸುಗಳು ಹೆಚ್ಚಾಗಿ ಇಪಿಡಿಎಂ ರಬ್ಬರಿನವು. ಅದು ನೀರಿಗೆ, ಬಿಸಿಗೆ ಜಗ್ಗುವುದಿಲ್ಲ. ಎಣ್ಣೆ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಉಬ್ಬಿ, ಮೆತ್ತಗಾಗಿ, ಒಂದು ದಿನ ಘಾಟಿಯ ನಡುವೆ ಕ್ಲಿಪ್ಪಿನಿಂದ ಜಾರುತ್ತದೆ. ಮೆತ್ತಗಾದ ಹೋಸ್, ಮುಚ್ಚಳ, ಥರ್ಮೋಸ್ಟಾಟ್ ಹೊಸದಾಗಿ ಹಾಕಿ. ಥರ್ಮೋಸ್ಟಾಟ್ ತೆಗೆದೇ ಬಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಕೆಲವು ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ಬೈಪಾಸ್ ದಾರಿ ತೆರೆದೇ ಉಳಿದು ರೇಡಿಯೇಟರಿಗೆ ಹೋಗುವ ನೀರೇ ಕಡಿಮೆಯಾಗುತ್ತದೆ. ತಂಪಾಗಲಿ ಎಂದು ತೆಗೆದದ್ದು, ಬಿಸಿಯಾಗಲು ಅದೇ ಕಾರಣ!

ಕೊನೆಯ ಜಾಲಾಟ ಡಿಸ್ಟಿಲ್ಡ್ ವಾಟರಿನಲ್ಲಿ. ಆಮೇಲೆ ತುಂಬುವಾಗ ಒಂದು ಲೆಕ್ಕ ತಪ್ಪುತ್ತದೆ, ಗಮನವಿಟ್ಟು ಕೇಳಿ. ಸಿಸ್ಟಮ್ 8 ಲೀಟರಿನದು ಅಂತಿಟ್ಟುಕೊಳ್ಳಿ. ಇಳಿಸಿದಾಗ ಬಂದದ್ದು 5 ಲೀಟರ್. ಬ್ಲಾಕಿನಲ್ಲಿ ಇನ್ನೂ 3 ಲೀಟರ್ ನೀರಿದೆ. ಈಗ ಅರ್ಧ ನೀರು ಬೆರೆಸಿಯೇ ಬರುವ ರೆಡಿಮಿಕ್ಸ್ ಕೂಲೆಂಟ್ 5 ಲೀಟರ್ ಸುರಿದರೆ ಅದರಲ್ಲಿರುವ ಅಸಲು ಎರಡೂವರೆ ಲೀಟರ್ ಮಾತ್ರ. ಅರ್ಧಕ್ಕರ್ಧ ಆಗುವ ಬದಲು ಮೂರನೇ ಒಂದು ಭಾಗವೂ ಆಗುವುದಿಲ್ಲ. ಇಂಥ ಕಡೆ ನೀರು ಬೆರೆಸದ ಕಾನ್ಸೆಂಟ್ರೇಟ್ ತನ್ನಿ. ಮೊದಲು 4 ಲೀಟರ್ ಅದನ್ನು ಹಾಕಿ, ಉಳಿದ 1 ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿ. ಸರಿಹೋಯಿತು. ಗಾಳಿ ತೆಗೆಯುವ ಸ್ಕ್ರೂ ಇದ್ದರೆ ಬಿಚ್ಚಿ ಗಾಳಿ ಬಿಡಿ.

ಇಳಿಸಿದ ಹೊಲಸು ನೀರು ಎಲ್ಲಿ ಹೋಗುತ್ತದೆ? ಚರಂಡಿಗೆ ಬೇಡ. ಗ್ಲೈಕಾಲ್ ಸಿಹಿ, ಮತ್ತು ವಿಷ. ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ಮೂಡಿಗೆರೆ ಕಡೆ ಹುಟ್ಟಿ ಸಕಲೇಶಪುರದ ಮೇಲೆ ಹರಿಯುವ ಹೇಮಾವತಿಗೆ ಎಷ್ಟು ವರ್ಕ್‌ಶಾಪ್‌ಗಳ ಚರಂಡಿ ಸೇರುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾನಿನಲ್ಲಿ ತುಂಬಿಡಿ. ಬಳಸಿದ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವವರಿಗೇ ಕೊಡಬೇಕು. ಎರಡನ್ನೂ ಒಂದೇ ಡ್ರಮ್ಮಿಗೆ ಸುರಿಯಬೇಡಿ, ನೀರು ಬೆರೆತ ಆಯಿಲನ್ನು ಅವರು ಮುಟ್ಟುವುದಿಲ್ಲ.

ಬಿಲ್ಲಿನ ಮಾತು. "ನೀರು ತುಂಬಿ ಇಳಿಸಿದ್ದಕ್ಕೆ ಇಷ್ಟಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಮೊದಲ ಸಲ ಇಳಿಸಿದ ನೀರು ಒಂದು ಬಾಟಲಿ, ಕೊನೆಯ ಸಲದ್ದು ಒಂದು ಬಾಟಲಿ ಎತ್ತಿಡಿ. ಪಕ್ಕಪಕ್ಕ ಇಟ್ಟು ತೋರಿಸಿ. ಚೌಕಾಸಿ ಪೂರ್ತಿ ನಿಲ್ಲುತ್ತದೆ ಎಂದು ಹೇಳಲಾರೆ, ಆದರೆ ಮಾತಿನ ಧಾಟಿ ಬದಲಾಗುತ್ತದೆ. ಒಂದು 500 ಕಿಲೋಮೀಟರ್ ಓಡಿದ ಮೇಲೆ ಗಾಡಿ ಮತ್ತೆ ತರಲು ಹೇಳಿ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ. ಮೂಲೆಯಲ್ಲಿ ಉಳಿದಿದ್ದ ಆಯಿಲ್ ತೆಳುವಾಗಿ ತೇಲುತ್ತಿದ್ದರೆ ಹೀರಿ ತೆಗೆದರೆ ಸಾಕು. ದಪ್ಪ ಕೆನೆಯೇ ಕಟ್ಟಿದ್ದರೆ ಸೋರಿಕೆ ನಿಂತಿಲ್ಲ, ಮತ್ತೆ ಮೊದಲಿನಿಂದ ನೋಡಬೇಕು.

ಹೊರಗೆ ಶೆಡ್ಡಿನಲ್ಲಿ ಬಿಚ್ಚಿದ ಎರಡು ಕೂಲರ್ ಇಟ್ಟಿದ್ದೇನೆ, ಟಬ್ಬಿಗೆ ಬಿಸಿನೀರೂ ರೆಡಿ ಇದೆ. ಒಂದು ಸರಿ ಇದೆ, ಒಂದು ಸೋರುತ್ತದೆ. ಐಟಿಐ ಹುಡುಗರು ಮೊದಲು ಬನ್ನಿ, ಗಾಳಿ ನೀವೇ ಕೊಟ್ಟು ಯಾವುದು ಯಾವುದು ಹೇಳಿ.