ಕರಾಚಿಯ ಕಪ್ಪು ಚಪ್ಪರ

ಕೇಳುಗರೆಲ್ಲರಿಗೂ ನಮಸ್ಕಾರ.

ಕರಾಚಿಯಲ್ಲಿ ಒಂದು ಕಾಲಕ್ಕೆ 800 ಅಡಿಗೂ ಜಾಸ್ತಿ ಉದ್ದದ ಶೆಡ್ ಇತ್ತು. ಊರಿನ ಜನ ಅದನ್ನು ‘ಕಾಲಾ ಛಪ್ರಾ’ ಅನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಕಪ್ಪು ಚಪ್ಪರ. ಇಂಗ್ಲೆಂಡಿನಿಂದ ಹಾರಿ ಬರುವ ವಾಯುನೌಕೆಗಾಗಿ, ಅಂದರೆ ಗಾಳಿಗಿಂತ ಹಗುರ ಅನಿಲ ತುಂಬಿ ತೇಲಿಸುವ ದೊಡ್ಡ ವಾಹನಕ್ಕಾಗಿ, ಬ್ರಿಟಿಷ್ ಸರ್ಕಾರ ಅದನ್ನು 1920ರ ದಶಕದಲ್ಲಿ ಕಟ್ಟಿಸಿತ್ತು. ಚಪ್ಪರ ಎದ್ದಿತು, ದಿಬ್ಬಣ ಬರಲೇ ಇಲ್ಲ. ಒಂದೇ ಒಂದು ವಾಯುನೌಕೆಯೂ ಅದರೊಳಗೆ ಕಾಲಿಡಲಿಲ್ಲ. 1960ರ ದಶಕದಲ್ಲಿ ಅದನ್ನು ಕೆಡವಿದರು.

ಆ ದಿಬ್ಬಣ ಎಲ್ಲಿ ನಿಂತಿತು? ಇವತ್ತು ಅದನ್ನು ಹೇಳಬೇಕು.

ಬಲೂನಿನಲ್ಲಿ ಗಾಳಿ ಹೋದರೆ ಮುದುಡಿಬಿಡುತ್ತದೆ, ಅಲ್ವಾ? ಗಟ್ಟಿ ಚೌಕಟ್ಟಿನ ವಾಯುನೌಕೆ ಹಾಗಲ್ಲ. ಅದಕ್ಕೆ ಹಗುರ ಲೋಹದ ಎಲುಬುಗೂಡು ಇರುತ್ತದೆ, ಬಿದಿರಿನ ಬುಟ್ಟಿ ಹೆಣೆದ ಹಾಗೆ. ಮೇಲೆ ಬಟ್ಟೆಯ ಹೊದಿಕೆ. ಒಳಗೆ ಸಾಲಾಗಿ ಹೈಡ್ರೋಜನ್ ತುಂಬಿದ ಚೀಲಗಳು. ಅನಿಲ ಸೋರಬಾರದು ಅಂತ ಚೀಲಕ್ಕೆ ದನದ ಕರುಳಿನ ತೆಳು ಪೊರೆ ಅಂಟಿಸುತ್ತಿದ್ದರು. ಒಂದು ದೊಡ್ಡ ನೌಕೆಗೆ ಅಂಥ ಪೊರೆಗಳು ಲಕ್ಷಗಟ್ಟಲೆ ಬೇಕು. ಅಷ್ಟೂ ಕೈಕೆಲಸ.

ಇದನ್ನು ಹಾರಿಸಿ ತೋರಿಸಿದವರು ಜರ್ಮನಿಯ ಕೌಂಟ್ ಜೆಪ್ಪೆಲಿನ್. 1900ರ ಜುಲೈ 2ರಂದು, ಕಾನ್‌ಸ್ಟನ್ಸ್ ಸರೋವರದ ಮೇಲೆ, 128 ಮೀಟರ್ ಉದ್ದದ ಅವರ ಮೊದಲ ನೌಕೆ ಎದ್ದಿತು. ಆಗ ಅವರಿಗೆ 61 ವರ್ಷ. 1908ರಲ್ಲಿ ಎಕ್ಟರ್‌ಡಿಂಗೆನ್ ಎಂಬಲ್ಲಿ ಅವರ ನಾಲ್ಕನೇ ನೌಕೆ ಬಿರುಗಾಳಿಗೆ ಸಿಕ್ಕಿ ಸುಟ್ಟುಹೋಯಿತು. ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಜನರೇ ಚಂದಾ ಎತ್ತಿದರು. 60 ಲಕ್ಷ ಮಾರ್ಕ್ ಕೂಡಿತು. ಜನ ತಾವಾಗಿಯೇ ಕೊಟ್ಟರು. ಈ ವಾಹನದ ಮೇಲೆ ಮನುಷ್ಯರಿಗೆ ಎಂಥ ಪ್ರೀತಿ ಅನ್ನುವುದಕ್ಕೆ ನನಗೆ ಇದೊಂದೇ ಸಾಕು.

ಈಗ ನಮ್ಮ ಕಡೆ ಹೊರಟಿದ್ದ ನೌಕೆಗೆ ಬರೋಣ. ಹೆಸರು ಆರ್ 101. ಆಗ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಲು ಎರಡು ವಾರಕ್ಕೂ ಜಾಸ್ತಿ ಬೇಕಿತ್ತು. ವಾಯುನೌಕೆ ಒಂದು ವಾರದೊಳಗೆ ತಲುಪಿಸಬೇಕೆಂಬುದು ಯೋಜನೆ. ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ ಹುಟ್ಟಿದ್ದು ನಾಸಿಕದಲ್ಲಿ. ತಾವೇ ಅದರಲ್ಲಿ ಇಂಡಿಯಾಕ್ಕೆ ಹೋಗಿ ಅಕ್ಟೋಬರ್ 20ರೊಳಗೆ ವಾಪಸ್ ಬರಬೇಕು ಅಂತ ಅವರ ಹಠ. ಆದರೆ ನೌಕೆ ಮೊದಲಿನಿಂದಲೂ ಭಾರ. ಹೆಚ್ಚು ಅನಿಲ ತುಂಬಲು ನಡುವೆ ಕತ್ತರಿಸಿ ಇನ್ನೊಂದು ಭಾಗ ಸೇರಿಸಿದ್ದರು. ಹಾಗೆ ಬದಲಿಸಿದ ಮೇಲೆ ಪೂರ್ಣ ವೇಗದಲ್ಲಿ ಒಂದು ಪರೀಕ್ಷೆಯೂ ಆಗಲಿಲ್ಲ.

1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಿಂದ ಹೊರಟಿತು. ಮಳೆ, ಗಾಳಿ. ರಾತ್ರಿ ಎರಡು ಗಂಟೆ ದಾಟಿದಾಗ ಫ್ರಾನ್ಸಿನ ಬೋವೆ ಪಟ್ಟಣದ ಹತ್ತಿರ ನೌಕೆ ನೆಲಕ್ಕೆ ತಾಗಿತು. ತಾಗಿದ್ದು ಮೆಲ್ಲಗೇ. ಕೊಂದದ್ದು ಬೆಂಕಿ. 54 ಜನರಲ್ಲಿ 48 ಮಂದಿ ಹೋದರು, ಥಾಮ್ಸನ್ ಕೂಡ. ಮೇಲಿದ್ದ ನೀರಿನ ತೊಟ್ಟಿ ಒಡೆದು ಮೈಮೇಲೆ ನೀರು ಸುರಿದಿದ್ದರಿಂದ ಇಬ್ಬರು ಎಂಜಿನ್ ಕೆಲಸದವರು ಬದುಕಿದರು. ಆರ್ 101ರ ಜೊತೆಯದು ಆರ್ 100. ಅದು ಅದೇ ವರ್ಷ ಕೆನಡಾಕ್ಕೆ ಹೋಗಿ ಸುರಕ್ಷಿತವಾಗಿ ಬಂದಿತ್ತು. ಅದನ್ನೂ ಒಡೆದು ಗುಜರಿಗೆ ಹಾಕಿದರು. ಇದು ನನಗೆ ಇಂದಿಗೂ ನೋವಿನ ವಿಷಯ. ತಪ್ಪು ಅವಸರದ್ದು, ನೌಕೆಯ ಜಾತಿಯದ್ದಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಜರ್ಮನಿಯ ‘ಗ್ರಾಫ್ ಜೆಪ್ಪೆಲಿನ್’ ಎಂಬ ನೌಕೆ ನೋಡಿ. 1929ರಲ್ಲಿ ಅದರ ಕಪ್ತಾನ ಹ್ಯೂಗೋ ಎಕೆನರ್ ಅದನ್ನು 21 ದಿನದಲ್ಲಿ ಭೂಮಿಯ ಸುತ್ತ ಹಾರಿಸಿ ತಂದರು. ಅದರಲ್ಲಿ ಒಂದು ಸೊಗಸಾದ ಉಪಾಯವಿತ್ತು. ಪೆಟ್ರೋಲ್ ಉರಿದಂತೆಲ್ಲ ನೌಕೆ ಹಗುರಾಗಿ ಮೇಲೇರುತ್ತದೆ, ಆಗ ಹೈಡ್ರೋಜನ್ ಹೊರಗೆ ಬಿಡಬೇಕು. ಅದಕ್ಕೇ ಎಂಜಿನ್ನಿಗೆ ಪೆಟ್ರೋಲಿನ ಬದಲು ಬ್ಲೌ ಗ್ಯಾಸ್ ಎಂಬ ಉರಿಯುವ ಅನಿಲ ಕೊಟ್ಟರು. ಅದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಎಷ್ಟು ಉರಿಸಿದರೂ ತೂಕ ಬದಲಾಗುವುದಿಲ್ಲ! ಆ ನೌಕೆ 16 ಲಕ್ಷ ಕಿಲೋಮೀಟರಿಗೂ ಜಾಸ್ತಿ ಹಾರಿತು. ಒಬ್ಬ ಪ್ರಯಾಣಿಕನಿಗೂ ಪೆಟ್ಟಾಗಲಿಲ್ಲ.

ಆಮೇಲೆ 1937ರ ಮೇ 6. ಜರ್ಮನಿಯ ಇನ್ನೊಂದು ನೌಕೆ ಹಿಂಡನ್‌ಬರ್ಗ್ ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಹೊತ್ತಿ ಉರಿಯಿತು, ನೆಲದ ಮೇಲಿದ್ದ ಒಬ್ಬನೂ ಸೇರಿ 36 ಜನ ಸತ್ತರು. ಆ ಚಿತ್ರ ನೀವೆಲ್ಲ ನೋಡಿರುತ್ತೀರಿ. ಒಳಗಿದ್ದ 97 ಜನರಲ್ಲಿ 62 ಮಂದಿ ಬದುಕಿ ಬಂದರು ಅನ್ನುವುದು ಮಾತ್ರ ಅಷ್ಟಾಗಿ ಯಾರಿಗೂ ನೆನಪಿಲ್ಲ.

ಅದೇ ಹಿಂಡನ್‌ಬರ್ಗ್‌ನಲ್ಲಿ ಓರೆಯಾದ ಕಿಟಕಿಗಳಿದ್ದವು, ಹಾರುವಾಗಲೇ ತೆರೆಯಬಹುದಾಗಿತ್ತು. ಕಿಟಕಿ ತೆಗೆದು, ಮೊಣಕೈ ಊರಿ, ಕೆಳಗೆ ಸಾಗುವ ಸಮುದ್ರವನ್ನು ಸುಮ್ನೆ ನೋಡುತ್ತಾ ನಿಲ್ಲಬಹುದಿತ್ತು. ನನ್ನ ಆಸೆ ಇರುವುದು ಆ ಕಿಟಕಿಯ ಮೇಲೆ.

ಕ್ಯಾಲಿಫೋರ್ನಿಯಾದ ಮಾಫೆಟ್ ಫೀಲ್ಡ್‌ನಲ್ಲೂ ವಾಯುನೌಕೆಗೆಂದು ಕಟ್ಟಿದ ಒಂದು ಹಳೆಯ ಚಪ್ಪರವಿದೆ, 1930ರ ದಶಕದ್ದು. 2024ರ ಅಕ್ಟೋಬರ್‌ನಲ್ಲಿ ಅದೇ ನೆಲದಿಂದ ಪಾಥ್‌ಫೈಂಡರ್ 1 ಎಂಬ ಹೊಸ ವಾಯುನೌಕೆ ಎದ್ದಿತು. ಸುಮಾರು 124 ಮೀಟರ್ ಉದ್ದ, ಗಟ್ಟಿ ಚೌಕಟ್ಟು, ಒಳಗೆ ಬೆಂಕಿ ಹತ್ತದ ಹೀಲಿಯಂ. ಹಗ್ಗ ಬಿಚ್ಚಿದರು, ಅದು ಮೆಲ್ಲಗೆ ಮೇಲೇರಿತು.

ನಮಸ್ಕಾರ.